ಬೆಟ್ಟದ ಮನೆಗೆ ಕಡಲಾಚೆಯ ಕರೆ

ಅಕ್ಕಿಯ ಬೆಲೆ ಏರಿದೆ, ಎಣ್ಣೆಯ ಬೆಲೆ ಏರಿದೆ. ಕಾಫಿಪುಡಿಯ ಬೆಲೆಯನ್ನಂತೂ ಕಾಫಿ ಬೆಳೆಯುವ ಊರಿನವರೇ ಕೇಳಿ ಬೆರಗಾಗುವಂತಿದೆ. ಬೆಲೆಗಳೆಲ್ಲ ಹೀಗೆ ಒಂದೇ ದಿಕ್ಕಿಗೆ ಮುಖ ಮಾಡಿರುವಾಗ, ಸಂಸಾರಸ್ಥರ ಖರ್ಚಿನ ಪಟ್ಟಿಯಲ್ಲಿ ಒಂದು ಬಾಬು ಮಾತ್ರ ಇಳಿದು ಇಳಿದು ಸೊನ್ನೆಯ ಹತ್ತಿರಕ್ಕೆ ಬಂದು ನಿಂತಿದೆ. ಅದು ಕಡಲಾಚೆ ಇರುವವರೊಡನೆ ಆಡುವ ಮಾತಿನ ಬೆಲೆ.

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿಯ ಸೀಮೆಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇರೆ ಇರಲಾರದು. ಮಗನೋ ಮಗಳೋ ದೂರದೇಶದಲ್ಲಿರುವ ಮನೆಗಳು ಅಲ್ಲೀಗ ಅಪರೂಪವಲ್ಲ. ಇಂಜಿನಿಯರಿಂಗ್ ಓದಿದವರು ಅಮೆರಿಕೆಗೂ ಇಂಗ್ಲೆಂಡಿಗೂ ಹೋದರು. ದುಡಿಮೆ ಅರಸಿದವರು ದುಬೈಗೂ ಸೌದಿಗೂ ಹೋದರು. ತೋಟದ ಮನೆಯಲ್ಲಿ ಉಳಿದವರು ವಯಸ್ಸಾದ ತಂದೆತಾಯಿ, ಲೆಕ್ಕ ನೋಡಿಕೊಳ್ಳುವ ರೈಟರು, ಅಂಗಳದಲ್ಲೊಂದು ನಾಯಿ. ಇಂಥ ಮನೆಗೆ ಮಗನ ಧ್ವನಿ ಮಾತ್ರವಲ್ಲ, ಮೊಮ್ಮಗಳ ಮುಖವೂ ದಿನಕ್ಕೆರಡು ಬಾರಿ ಪುಕ್ಕಟೆಯಾಗಿ ಬರಬಹುದಾದ ಕಾಲ ಇದು.

ಬರಬಹುದು ಎಂಬುದು ನಿಜ; ಬರುತ್ತದೆ ಎಂಬುದು ಎಲ್ಲ ಕಾಲಕ್ಕೂ ನಿಜವಲ್ಲ. ಆಷಾಢದ ಗಾಳಿಮಳೆ ಹಿಡಿದು ನಾಲ್ಕು ದಿನವಾದರೆ ಕಳಸದ ಆಚೆಯ ಎಷ್ಟೋ ಮನೆಗಳಲ್ಲಿ ವಿದ್ಯುತ್ತಿಲ್ಲ. ವಿದ್ಯುತ್ತಿಲ್ಲದೆ ಗುಡ್ಡದ ಮೇಲಿನ ಗೋಪುರಕ್ಕೆ ಜೀವವಿಲ್ಲ. ಗೋಪುರವಿಲ್ಲದೆ ಕೈಯಲ್ಲಿರುವ ಮೊಬೈಲು ಬರಿಯ ಗಡಿಯಾರ. ನಿಮಿಷಕ್ಕೆ ಎಪ್ಪತ್ತು ರೂಪಾಯಿ ಕೊಟ್ಟು ಮಾತನಾಡುತ್ತಿದ್ದ ಕಾಲದಲ್ಲಿ ದುಡ್ಡು ಹೊಂದಿಸಿದವನಿಗೆ ಮಾತು ಸಿಕ್ಕುತ್ತಿತ್ತು. ಮಾತು ಪುಕ್ಕಟೆಯಾದ ಕಾಲದಲ್ಲಿ, ಅದು ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದ ದಿನವೇ ಸಿಕ್ಕದೆ ಹೋಗುತ್ತದೆ. ಈ ವಿಚಿತ್ರಕ್ಕೆ ಕಾರಣವೇನು ಎಂಬುದನ್ನು ತಿಳಿಯಬೇಕಾದರೆ, ಆ ಎಪ್ಪತ್ತು ರೂಪಾಯಿ ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನು ಮೊದಲು ತಿಳಿಯಬೇಕು.

ಮೂರು ನಿಮಿಷದ ಮಾತು

ಭಾರತಕ್ಕೂ ಇಂಗ್ಲೆಂಡಿಗೂ ನಡುವೆ ರೇಡಿಯೋ ಟೆಲಿಫೋನು ತೆರೆದದ್ದು 1933ರಲ್ಲಿ. ಹ್ರಸ್ವತರಂಗಗಳ ಮೇಲೆ ಹೋಗುತ್ತಿದ್ದ ಆ ಮಾತು ಆಕಾಶದ ಮರ್ಜಿಯನ್ನು ಕಾಯಬೇಕಾಗಿತ್ತು. ಹೊತ್ತು ಬದಲಾದಂತೆ ಧ್ವನಿ ಏರುತ್ತಿತ್ತು, ಇಳಿಯುತ್ತಿತ್ತು, ಒಮ್ಮೊಮ್ಮೆ ಗೊರಗೊರ ಸದ್ದಿನಲ್ಲಿ ಮುಳುಗಿಯೇ ಹೋಗುತ್ತಿತ್ತು. ಸ್ವಾತಂತ್ರ್ಯ ಬಂದ 1947ರಲ್ಲಿ ಸರ್ಕಾರ ಈ ಉದ್ಯಮವನ್ನು ಖಾಸಗಿ ಕಂಪನಿಯ ಕೈಯಿಂದ ವಹಿಸಿಕೊಂಡು ಓವರ್‌ಸೀಸ್ ಕಮ್ಯುನಿಕೇಶನ್ಸ್ ಸರ್ವಿಸ್ ಎಂಬ ಹೆಸರಿನಲ್ಲಿ ನಡೆಸತೊಡಗಿತು. 1971ರಲ್ಲಿ ಪುಣೆಯ ಸಮೀಪದ ಆರ್ವಿಯಲ್ಲಿ ಉಪಗ್ರಹದೊಡನೆ ಸಂಪರ್ಕ ಸಾಧಿಸುವ ಭೂಕೇಂದ್ರ ನಿಂತ ಮೇಲೆಯೇ ದೇಶಾಂತರದ ಧ್ವನಿ ತಿಳಿಯಾಗಿ ಕೇಳತೊಡಗಿದ್ದು.

ಧ್ವನಿ ತಿಳಿಯಾದರೂ ದಾರಿ ಸುಲಭವಾಗಿರಲಿಲ್ಲ. ಮಲೆನಾಡಿನ ಪುಟ್ಟ ಎಕ್ಸ್‌ಚೇಂಜಿನಲ್ಲಿ ಕರೆ ಕಾಯ್ದಿರಿಸಬೇಕು. ಅದು ಊರಿಂದೂರಿಗೆ ಆಪರೇಟರುಗಳ ಕೈಬದಲಾಗಿ ಮುಂಬಯಿಯನ್ನು ಮುಟ್ಟಬೇಕು. ಅಲ್ಲಿಂದ ಕಡಲು ದಾಟಬೇಕು. ಮಾತನಾಡಿದ್ದು ಅರ್ಧ ನಿಮಿಷವೇ ಆದರೂ ಮೂರು ನಿಮಿಷದ ಹಣ ಕೊಡಬೇಕು. ದೇಶದೊಳಗಿನ ಟ್ರಂಕ್ ಕಾಲ್‌ಗಳಲ್ಲಿಯೂ ದರ್ಜೆಗಳಿದ್ದುವು. ಸಾಮಾನ್ಯ ಕರೆಗೆ ಒಂದು ಪಾಲು ಹಣವಾದರೆ ಅರ್ಜೆಂಟ್ ಕರೆಗೆ ಎರಡು ಪಾಲು, ಲೈಟ್ನಿಂಗ್ ಕರೆಗೆ ಎಂಟು ಪಾಲು. ಲೈಟ್ನಿಂಗ್ ಕಾಲ್ ಬಂದಿದೆ ಎಂದರೆ ಸುದ್ದಿ ಕೇಳುವ ಮೊದಲೇ ಮನೆಯ ಹೆಂಗಸರು ಕಣ್ಣೊರೆಸಿಕೊಳ್ಳುವುದಿತ್ತು. ಶುಭವಾರ್ತೆಗಾಗಿ ಅಷ್ಟು ಹಣ ಚೆಲ್ಲುವ ರೂಢಿ ಮಲೆನಾಡಿನಲ್ಲಿರಲಿಲ್ಲ.

ಚಂದಾದಾರನೇ ನಂಬರು ತಿರುಗಿಸಿ ಹೊರ ಊರನ್ನು ಹಿಡಿಯುವ ಎಸ್.ಟಿ.ಡಿ. ಸೌಕರ್ಯ 1960ರ ನವೆಂಬರಿನಲ್ಲಿ ಲಖನೌ ಮತ್ತು ಕಾನ್ಪುರಗಳ ನಡುವೆ ಆರಂಭವಾಯಿತು. ಅದೇ ರೀತಿ ವಿದೇಶವನ್ನು ನೇರವಾಗಿ ಹಿಡಿಯುವ ಸೌಕರ್ಯ 1976ರಲ್ಲಿ ಮುಂಬಯಿಗೂ ಲಂಡನ್ನಿಗೂ ನಡುವೆ ಬಂತು. ಕಾಫಿ ಸೀಮೆಗೆ ಅದು ಬಂದು ಮುಟ್ಟುವುದಕ್ಕೆ ಇನ್ನೂ ಬಹಳ ಮಳೆಗಾಲಗಳು ಕಳೆಯಬೇಕಾಗಿತ್ತು. ಅಲ್ಲಿಯ ತನಕ ವಿಮಾನದ ಅಂಚೆಯ ತೆಳ್ಳನೆಯ ನೀಲಿ ಕಾಗದವೇ ಮನೆಗೂ ಮಗನಿಗೂ ಇದ್ದ ಸೇತುವೆ.

ಹಳದಿ ಹಲಗೆಯ ಕಾಲ

ಹಳ್ಳಿಗೆ ಟೆಲಿಫೋನು ಬರುವುದಕ್ಕೆ ಅಡ್ಡಿಯಾಗಿದ್ದುದು ದುಡ್ಡೊಂದೇ ಅಲ್ಲ. ಹೊರದೇಶದಿಂದ ತರಿಸುತ್ತಿದ್ದ ಎಕ್ಸ್‌ಚೇಂಜುಗಳಿಗೆ ತಂಪು ಮಾಡಿದ ಕೋಣೆ ಬೇಕು, ಧೂಳು ಬೀಳಬಾರದು, ವಿದ್ಯುತ್ತು ಏರುಪೇರಾಗಬಾರದು. ಇಂಥ ನಾಜೂಕಿನ ಯಂತ್ರಕ್ಕೆ ಭಾರತದ ಹಳ್ಳಿ ತಕ್ಕ ಸ್ಥಳವಾಗಿರಲಿಲ್ಲ. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆ, ತಂಪು ಯಂತ್ರವಿಲ್ಲದೆ ಬಿಸಿಲು ಧೂಳುಗಳನ್ನು ತಡೆದುಕೊಳ್ಳಬಲ್ಲ ಸಣ್ಣ ಗ್ರಾಮೀಣ ಎಕ್ಸ್‌ಚೇಂಜನ್ನು ಇಲ್ಲಿಯೇ ರೂಪಿಸಿತು. ಅದು ಮೊದಲು ಕೆಲಸಕ್ಕೆ ನಿಂತದ್ದು 1986ರಲ್ಲಿ, ಕರ್ನಾಟಕದ ಕಿತ್ತೂರಿನಲ್ಲಿ. ರಾಣಿ ಚೆನ್ನಮ್ಮನ ಹೆಸರಿನಿಂದ ಬೆಳಗಿದ ಊರಿಗೆ ಈ ಇನ್ನೊಂದು ಹೆಗ್ಗಳಿಕೆಯೂ ಉಂಟೆಂಬುದು ಹಲವರಿಗೆ ತಿಳಿಯದು.

ಆ ಬಳಿಕ ಬಂದದ್ದು ಹಳದಿ ಹಲಗೆಯ ಕಾಲ. ಎಸ್.ಟಿ.ಡಿ., ಐ.ಎಸ್.ಡಿ., ಪಿ.ಸಿ.ಓ. ಎಂದು ಬರೆದ ಹಲಗೆ, ಗಾಜಿನ ಗೂಡು, ಗೂಡಿನೊಳಗೊಂದು ಟೆಲಿಫೋನು, ಅದರ ನೆತ್ತಿಯ ಮೇಲೆ ಕೆಂಪು ಅಂಕೆಗಳು ಓಡುವ ಮೀಟರು. ರಾತ್ರಿ 11 ಗಂಟೆ ದಾಟಿದರೆ ಹೊರ ಊರಿನ ಮಾತಿಗೆ ಕಾಲುಭಾಗದ ದರ. ಆದ್ದರಿಂದ ನಿದ್ದೆಗಣ್ಣಿನ ಸಾಲು ಬೂತಿನ ಮುಂದೆ ನಿಲ್ಲುತ್ತಿತ್ತು. ವಿದೇಶದ ಮಾತಾದರೆ ಸಾಲಿನವರೆಲ್ಲ ತಾವಾಗಿ ಮೌನವಾಗುತ್ತಿದ್ದರು. ಅಲ್ಲಿ ಓಡುತ್ತಿದ್ದುದು ರೂಪಾಯಿಯ ಹೊಳೆ.

1990ರ ದಶಕದಲ್ಲಿ ಅಮೆರಿಕೆಯೊಡನೆ ಒಂದು ನಿಮಿಷ ಮಾತನಾಡಲು ಅರವತ್ತು ಎಪ್ಪತ್ತು ರೂಪಾಯಿಗೆ ಕಡಿಮೆಯಾಗುತ್ತಿರಲಿಲ್ಲ. ಆ ದಶಕದ ಮೊದಲ ವರ್ಷಗಳಲ್ಲಿ ತೋಟದ ಆಳಿನ ಒಂದು ದಿನದ ಕೂಲಿಗಿಂತ ಅದು ಹೆಚ್ಚು. ಆದ್ದರಿಂದ ಮಾತಿಗೂ ಒಂದು ವ್ಯಾಕರಣ ಬಂದಿತ್ತು. “ಅಪ್ಪಯ್ಯ, ಆರೋಗ್ಯವೇ?” “ಹೂಂ ಮಗಾ. ನೀನು?” “ಚೆನ್ನಾಗಿದ್ದೇನೆ. ಮಳೆ ಹೇಗೆ?” “ಬಂತು. ಇಡು, ದುಡ್ಡು ಆಗ್ತದೆ.” ಕೇಳಬೇಕಾದ ಮಾತೆಲ್ಲ ರಿಸೀವರು ಇಟ್ಟ ಮೇಲೆ ನೆನಪಾಗುತ್ತಿತ್ತು. ತಾಯಿಗೆ ರಿಸೀವರು ಸಿಕ್ಕುವ ಹೊತ್ತಿಗೆ ಮೀಟರು ಇನ್ನೂರು ದಾಟಿರುತ್ತಿತ್ತು.

ಕಾಫಿಯ ವ್ಯಾಪಾರಕ್ಕೂ ಇದೇ ಕಾಲದಲ್ಲಿ ಟೆಲಿಫೋನಿನ ಹಸಿವು ಹುಟ್ಟಿತು. 1940ರ ದಶಕದಿಂದ ಬೆಳೆಗಾರನು ತನ್ನ ಬೀಜವನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಿ, ಮಂಡಳಿ ಕೊಟ್ಟಾಗ ಕೊಟ್ಟಷ್ಟು ಪಡೆಯುತ್ತಿದ್ದನು. 1990ರ ದಶಕದಲ್ಲಿ ಆ ಕಟ್ಟು ಹಂತಹಂತವಾಗಿ ಸಡಿಲಿ, 1996ರ ಹೊತ್ತಿಗೆ ಎಲ್ಲರಿಗೂ ಮುಕ್ತ ಮಾರಾಟ ಬಂತು. ರೋಬಸ್ಟಾದ ಬೆಲೆಗೆ ಲಂಡನ್ ಪೇಟೆಯನ್ನೂ ಅರೇಬಿಕಾದ ಬೆಲೆಗೆ ನ್ಯೂಯಾರ್ಕ್ ಪೇಟೆಯನ್ನೂ ನೋಡುವ ಅಗತ್ಯ ಮೂಡಿಗೆರೆಯ ಬೆಳೆಗಾರನಿಗೂ ಉಂಟಾಯಿತು. ಮಗನ ಕ್ಷೇಮ, ಬೀಜದ ಬೆಲೆ ಎರಡೂ ಒಂದೇ ತಂತಿಯಲ್ಲಿ ಬರುವಂತಾದುವು.

ನಿಮಿಷದ ಬೆಲೆಯೊಳಗೆ ಏನಿತ್ತು?

ದೂರ ಹೆಚ್ಚಾದ್ದರಿಂದ ಬೆಲೆ ಹೆಚ್ಚು ಎಂದು ಜನ ತಿಳಿದಿದ್ದರು. ಅದು ಪೂರ್ಣ ಸತ್ಯವಲ್ಲ. ಉಪಗ್ರಹಕ್ಕೆ ಲಂಡನ್ ದೂರವಲ್ಲ, ಹಾಸನ ಹತ್ತಿರವಲ್ಲ. ಬೆಲೆಯ ಗುಟ್ಟು ಬೇರೆಡೆಯಲ್ಲಿತ್ತು.

ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಕರೆ ಹೋದರೆ, ಕರೆ ಕಳುಹಿಸಿದ ದೇಶದ ಟೆಲಿಫೋನು ಸಂಸ್ಥೆ ಅದನ್ನು ಮುಟ್ಟಿಸಿದ ದೇಶದ ಸಂಸ್ಥೆಗೆ ನಿಮಿಷಕ್ಕೆ ಇಷ್ಟೆಂದು ಕೊಡಬೇಕು. ಈ ದರವನ್ನು ಎರಡು ಕಡೆಯ ಸಂಸ್ಥೆಗಳು ಕುಳಿತು ಒಪ್ಪಿಕೊಳ್ಳುತ್ತಿದ್ದುವು. ಭಾರತಕ್ಕೆ ಬರುವ ಕರೆಗಳು ಭಾರತದಿಂದ ಹೋಗುವ ಕರೆಗಳಿಗಿಂತ ಹೆಚ್ಚು. ಮನೆಯವರಿಗಿಂತ ಡಾಲರು ದುಡಿಯುವ ಮಗನೇ ಹೆಚ್ಚಾಗಿ ಕರೆ ಮಾಡುವನಷ್ಟೆ. ಆದ್ದರಿಂದ ಈ ಲೆಕ್ಕದಲ್ಲಿ ದೇಶಕ್ಕೆ ವಿದೇಶೀ ವಿನಿಮಯ ಹರಿದುಬರುತ್ತಿತ್ತು. ಅಮೆರಿಕೆಗೆ ಇದು ಸಹಿಸದಾಯಿತು. 1997ರಲ್ಲಿ ಅಲ್ಲಿನ ಸಂಪರ್ಕ ಆಯೋಗ, ಬಡ ದೇಶಗಳಿಗೆ ನಿಮಿಷಕ್ಕೆ 23 ಸೆಂಟಿಗಿಂತ ಹೆಚ್ಚು ಕೊಡಕೂಡದೆಂದು ತನ್ನ ಕಂಪನಿಗಳಿಗೆ ಗೆರೆ ಎಳೆಯಿತು.

ಬಂದ ಹಣದಿಂದ ಆಗುತ್ತಿದ್ದ ಕೆಲಸವೇನು? ಕಾಫಿ ಸೀಮೆಯ ಒಂದು ಎಕ್ಸ್‌ಚೇಂಜನ್ನು ಕಲ್ಪಿಸಿಕೊಳ್ಳಬೇಕು. ಬೆಂಗಳೂರಿನ ಒಂದು ರಸ್ತೆಯಲ್ಲಿ ನೂರು ಮನೆಗೆ ತಂತಿ ಎಳೆಯುವಷ್ಟು ಉದ್ದದಲ್ಲಿ ಇಲ್ಲಿ ಎರಡು ಮನೆಗೆ ಎಳೆಯುವುದೂ ಕಷ್ಟ. ಕಂಬ ನೆಡಬೇಕಾದದ್ದು ಇಳಿಜಾರಿನಲ್ಲಿ. ತಂತಿ ಹೋಗಬೇಕಾದದ್ದು ಸಿಲ್ವರ್ ಓಕ್ ಮರಗಳ ನಡುವೆ. ಒಂದು ಗಾಳಿ ಬೀಸಿದರೆ ಕೊಂಬೆಯೊಡನೆ ತಂತಿಯೂ ನೆಲಕ್ಕೆ. ಲೈನ್‌ಮನ್ನು ಜಿಗಣೆಗಳ ನಡುವೆ ನಡೆದು ಹೋಗಿ ಅದನ್ನು ಮತ್ತೆ ಕಟ್ಟಬೇಕು. ಚಂದಾದಾರನು ಕೊಡುವ ತಿಂಗಳ ಬಾಡಿಗೆ ಈ ಖರ್ಚಿನ ಒಂದು ಮೂಲೆಗೂ ಸಾಲದು. ಊರೊಳಗಿನ ಅಗ್ಗದ ಮಾತು, ಹಳ್ಳಿಯ ಅಗ್ಗದ ಬಾಡಿಗೆ, ಇವೆರಡರ ನಷ್ಟವನ್ನೂ ದೂರದ ಮಾತಿನ ದುಬಾರಿ ಬೆಲೆ ತುಂಬಿಕೊಡುತ್ತಿತ್ತು.

ಇದು ಊಹೆಯಲ್ಲ, ಒಂದು ಕಾಲದಲ್ಲಿ ಇದಕ್ಕೆ ಲೆಕ್ಕದ ಪುಸ್ತಕದಲ್ಲಿ ಹೆಸರೇ ಇತ್ತು. 2003ರಲ್ಲಿ ಟೆಲಿಕಾಂ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, ನಷ್ಟದ ಲೈನುಗಳ ಕೊರತೆ ತುಂಬಲು ‘ಆಕ್ಸೆಸ್ ಡೆಫಿಸಿಟ್ ಚಾರ್ಜ್’ ಎಂಬ ಶುಲ್ಕವನ್ನು ಜಾರಿಗೆ ತಂದಿತು. ವಿದೇಶದಿಂದ ಒಳಬರುವ ಕರೆಗೆ ಅದು 2005ರಲ್ಲಿ ನಿಮಿಷಕ್ಕೆ ರೂ. 3.25, 2006ರಲ್ಲಿ ರೂ. 1.60, ಹೀಗೆ ಇಳಿದು 2008ರಲ್ಲಿ ರದ್ದಾಯಿತು. ಅದರ ಬಹುಪಾಲು ಹೋಗುತ್ತಿದ್ದುದು ಸರ್ಕಾರಿ ಸಂಸ್ಥೆಯಾದ ಬಿ.ಎಸ್.ಎನ್.ಎಲ್.ಗೆ. ಅಂದರೆ ನ್ಯೂಜೆರ್ಸಿಯಲ್ಲಿ ಕುಳಿತು ಮಗನು ಮೂಡಿಗೆರೆಗೆ ಮಾತನಾಡಿದಾಗ, ತಿಳಿಯದೆಯೇ ಅಪ್ಪನ ಮನೆಯ ದಾರಿಯ ಕಂಬಕ್ಕೂ ಒಂದಷ್ಟು ದಾನ ಮಾಡುತ್ತಿದ್ದನು.

ಒಂದೇ ದಿನ ಮೂರು ಬದಲಾವಣೆ

2002ನೆಯ ಇಸವಿಯ ಏಪ್ರಿಲ್ 1ನ್ನು ಟೆಲಿಫೋನಿನ ಚರಿತ್ರೆಯಲ್ಲಿ ಗುರುತಿಟ್ಟುಕೊಳ್ಳಬೇಕು. ಅದರ ಹಿಂದಿನ ದಿನಕ್ಕೆ, ವಿದೇಶದ ಕರೆಗಳ ಮೇಲೆ ವಿದೇಶ ಸಂಚಾರ ನಿಗಮಕ್ಕಿದ್ದ ಏಕಸ್ವಾಮ್ಯ ಮುಗಿಯಿತು. ಓವರ್‌ಸೀಸ್ ಸರ್ವಿಸಿನ ಉತ್ತರಾಧಿಕಾರಿಯಾಗಿ 1986ರಲ್ಲಿ ಹುಟ್ಟಿದ ಈ ನಿಗಮದ ಆಡಳಿತ ಅದೇ ವರ್ಷದ ಫೆಬ್ರವರಿಯಲ್ಲಿ ಟಾಟಾ ಸಮೂಹಕ್ಕೆ ಹೋಗಿತ್ತು. ಅದೇ ಏಪ್ರಿಲ್ 1ರಿಂದ, ಅಂತರಜಾಲದ ಮೂಲಕ ಮಾತನಾಡುವುದಕ್ಕೆ ಸರ್ಕಾರ ಅನುಮತಿ ಕೊಟ್ಟಿತು. ಅದೇ ದಿನದಿಂದಲೇ, ಹಳ್ಳಿಗಳಿಗೆ ಸಂಪರ್ಕ ಒದಗಿಸುವ ಸಾರ್ವತ್ರಿಕ ಸೇವಾ ನಿಧಿಯೂ ಜಾರಿಗೆ ಬಂತು.

ಮೂರು ಬದಲಾವಣೆಗಳನ್ನೂ ಜೋಡಿಸಿ ನೋಡಿದರೆ ಸರ್ಕಾರದ ವಿಚಾರ ಸ್ಪಷ್ಟವಾಗುತ್ತದೆ. ಪೈಪೋಟಿಯೂ ಅಂತರಜಾಲವೂ ನಿಮಿಷದ ಬೆಲೆಯನ್ನು ಇಳಿಸುವುದು ಖಂಡಿತ. ಆ ಬೆಲೆಯೊಳಗೆ ಅಡಗಿ ಬರುತ್ತಿದ್ದ ಹಳ್ಳಿಯ ಪಾಲು ಇನ್ನು ಅಡಗಿ ಬರಲಾರದು. ಆದ್ದರಿಂದ ಅದನ್ನು ಎದುರಿಗೇ ವಸೂಲು ಮಾಡಬೇಕು. ಅದರಂತೆ ಟೆಲಿಫೋನು ಕಂಪನಿಗಳ ಆದಾಯದಿಂದ ನೂರಕ್ಕೆ 5ರಷ್ಟು ಹಣವನ್ನು ಈ ನಿಧಿಗೆಂದು ತೆಗೆದಿಡುವ ಕ್ರಮ ಬೆಳೆಯಿತು. ವಿಚಾರವೇನೋ ಒಳ್ಳೆಯದು. ಬೆಲೆ ಇಳಿದದ್ದೂ ನಿಜ. ಕೆಲವೇ ವರ್ಷಗಳಲ್ಲಿ ಅಮೆರಿಕೆಯ ನಿಮಿಷ ಹತ್ತು ರೂಪಾಯಿಗಿಂತ ಕೆಳಕ್ಕೆ ಬಂತು. ಹಳ್ಳಿಯ ಪಾಲು ಹಳ್ಳಿಗೆ ಅಷ್ಟೇ ಬೇಗ ಮುಟ್ಟಿತೇ ಎಂಬುದು ಬೇರೆ ಪ್ರಶ್ನೆ. ಕೂಡಿಬಂದ ಹಣದಲ್ಲಿ ದೊಡ್ಡ ಮೊತ್ತ ವರ್ಷಗಟ್ಟಲೆ ಖರ್ಚಾಗದೆಯೇ ಉಳಿದಿತ್ತು.

ಅಂತರಜಾಲದ ಮಾತಿಗೆ ಕಟ್ಟಳೆ

ಅಂತರಜಾಲ ಭಾರತದ ಸಾಮಾನ್ಯರಿಗೆ ತೆರೆದದ್ದು 1995ರ ಆಗಸ್ಟ್ 15ರಂದು. ಆದರೆ 2002ರ ತನಕ ಅದರ ಮೇಲೆ ಕಾಗದ ಬರೆಯಬಹುದಿತ್ತು, ಮಾತನಾಡುವಂತಿರಲಿಲ್ಲ. ಆಮೇಲೆ ಬಂದ ಅನುಮತಿಯೂ ಒಂದು ಒಗಟಿನಂತಿತ್ತು. ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಎಲ್ಲಿಗಾದರೂ ಮಾತನಾಡಬಹುದು. ಇಲ್ಲಿನ ಕಂಪ್ಯೂಟರಿನಿಂದ ವಿದೇಶದ ಟೆಲಿಫೋನಿಗೂ ಮಾತನಾಡಬಹುದು. ಇಲ್ಲಿನ ಕಂಪ್ಯೂಟರಿನಿಂದ ಇಲ್ಲಿಯದೇ ಟೆಲಿಫೋನಿಗೆ ಮಾತ್ರ ಕೂಡದು. ಬೆಂಗಳೂರಿನಲ್ಲಿ ಓದುವ ಮಗಳು ಅಂತರಜಾಲದಿಂದ ಲಂಡನ್ನಿನ ಚಿಕ್ಕಪ್ಪನ ಟೆಲಿಫೋನನ್ನು ಬಾರಿಸಬಹುದು, ಚಿಕ್ಕಮಗಳೂರಿನ ಅಮ್ಮನ ಟೆಲಿಫೋನನ್ನು ಬಾರಿಸುವಂತಿಲ್ಲ!

ಈ ಗೆರೆಗೆ ಕಾರಣ ಇಲ್ಲದಿರಲಿಲ್ಲ. ದೇಶದೊಳಗಿನ ಟೆಲಿಫೋನು ನಂಬರಿಗೆ ಮಾತು ಮುಟ್ಟಿಸುವ ಹಕ್ಕಿಗೆ ಕಂಪನಿಗಳು ಲೈಸೆನ್ಸಿನ ಹಣ ಕೊಟ್ಟಿದ್ದುವು. ಹಣ ಕೊಡದವನು ಅದೇ ಹಾದಿಯಲ್ಲಿ ಗಾಡಿ ಓಡಿಸಬಾರದೆಂಬುದು ಅವುಗಳ ವಾದ. 2003ರಲ್ಲಿ ಹುಟ್ಟಿ ವಿದೇಶದ ಮಾತನ್ನು ಅಗ್ಗ ಮಾಡಿದ ಸ್ಕೈಪ್ ಸಹ 2014ರ ನವೆಂಬರಿನಲ್ಲಿ ಭಾರತದೊಳಗಿಂದ ಭಾರತದ ಟೆಲಿಫೋನುಗಳಿಗೆ ಕೊಡುತ್ತಿದ್ದ ಸೌಕರ್ಯವನ್ನು ನಿಲ್ಲಿಸಿತು. ಆ ಸ್ಕೈಪೇ 2025ರ ಮೇ ತಿಂಗಳಲ್ಲಿ ಬಾಗಿಲು ಮುಚ್ಚಿತು.

2014ರ ಡಿಸೆಂಬರಿನಲ್ಲಿ ಏರ್‌ಟೆಲ್ ಕಂಪನಿ ಅಂತರಜಾಲದ ಮಾತಿಗೆ ಪ್ರತ್ಯೇಕ ದರ ವಿಧಿಸುವುದಾಗಿ ಸಾರಿತು. ಜನರ ಆಕ್ಷೇಪಣೆ ಎದ್ದು, ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆಯಿತು. ಮರುವರ್ಷ ಟ್ರಾಯ್ ಈ ವಿಷಯವಾಗಿ ಜನಾಭಿಪ್ರಾಯ ಕೇಳಿದಾಗ ಹತ್ತು ಲಕ್ಷಕ್ಕೂ ಮಿಕ್ಕಿ ಮಿಂಚಂಚೆಗಳು ಬಂದು ಬಿದ್ದುವು. 2016ರ ಫೆಬ್ರವರಿ 8ರಂದು, ಅಂತರಜಾಲದಲ್ಲಿ ಸಾಗುವ ವಸ್ತುವನ್ನು ನೋಡಿ ಬೇರೆ ಬೇರೆ ದರ ವಿಧಿಸಬಾರದೆಂಬ ನಿಯಮ ಹೊರಟಿತು. ಇಂದು ವಾಟ್ಸಾಪಿನಲ್ಲಿ ಆಡುವ ಮಾತಿಗೆ ಬೇರೆ ಬಿಲ್ಲು ಬರದಿರುವುದು ಆ ನಿಯಮದಿಂದ. ಒಂದು ನಿಮಿಷದ ಇಂಥ ಮಾತಿಗೆ ಖರ್ಚಾಗುವ ಡೇಟಾ ಅರ್ಧ ಎಂ.ಬಿ.ಯ ಆಸುಪಾಸು, ಅದರ ಬೆಲೆಯನ್ನು ಪೈಸೆಯಲ್ಲಿ ಹೇಳುವುದೂ ಕಷ್ಟ.

2018ರ ಜೂನ್‌ನಲ್ಲಿ ಹಳೆಯ ಒಗಟಿನ ಉಳಿದ ಗಂಟೂ ಬಿಚ್ಚಿತು. ಲೈಸೆನ್ಸ್ ಪಡೆದ ಟೆಲಿಫೋನು ಕಂಪನಿಗಳು ಅಂತರಜಾಲದ ಮೂಲಕವೇ ಯಾವ ಟೆಲಿಫೋನಿಗಾದರೂ ಮಾತು ಮುಟ್ಟಿಸಬಹುದೆಂದಾಯಿತು. ಮನೆಯ ವೈಫೈ ಮೇಲೆಯೇ ಮಾಮೂಲಿನ ನಂಬರಿನಿಂದ ಕರೆ ಮಾಡುವ ‘ವೈಫೈ ಕಾಲಿಂಗ್’ ಸೌಕರ್ಯವನ್ನು 2019ರ ಡಿಸೆಂಬರಿನಲ್ಲಿ ಏರ್‌ಟೆಲ್, 2020ರ ಜನವರಿಯಲ್ಲಿ ಜಿಯೋ ಆರಂಭಿಸಿದುವು. ಗೋಪುರದ ಸಿಗ್ನಲ್ಲು ಏರದ ಕಣಿವೆಯ ಮನೆಗೆ, ತಂತಿಯಲ್ಲಿ ಅಂತರಜಾಲ ಬಂದರೆ ಸಾಕು, ಮೊಬೈಲಿಗೆ ಜೀವ ಬರುತ್ತದೆ. ಕಾಫಿ ಸೀಮೆಗೆ ಎಲ್ಲ ನಿಯಮಗಳಿಗಿಂತ ಉಪಯುಕ್ತವಾದದ್ದು ಇದು.

ಇಲ್ಲಿನ ನಿಯಮ ಸಡಿಲವಾದರೆ ಸಾಲದು, ಮಗನಿರುವ ದೇಶದ್ದೂ ಸಡಿಲವಾಗಬೇಕು. ಅಮೆರಿಕೆಯ ಮಗ ವಾಟ್ಸಾಪಿನಲ್ಲಿ ಮುಖ ತೋರಿಸಿದಂತೆ ದುಬೈಯ ಮಗ ಏಕೆ ತೋರಿಸುವುದಿಲ್ಲವೆಂದು ತಾಯಂದಿರು ನೊಂದುಕೊಳ್ಳುವುದುಂಟು. ತಪ್ಪು ಮಗನದಲ್ಲ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಅಲ್ಲಿನ ಸರ್ಕಾರ ಒಪ್ಪಿದ ಕೆಲವು ಆ್ಯಪುಗಳಲ್ಲಿ ಮಾತ್ರ ಇಂಥ ಕರೆಗೆ ಅವಕಾಶ. 2018ರಲ್ಲಿ ಅದಕ್ಕೆ ತಿಂಗಳಿಗೆ 50 ದಿರ್ಹಂ ದರ ಗೊತ್ತುಮಾಡಿದ್ದರು. ಸೌದಿ ಅರೇಬಿಯಾ 2017ರ ಸೆಪ್ಟೆಂಬರಿನಲ್ಲಿ ತನ್ನ ನಿಷೇಧವನ್ನು ತೆಗೆಯಿತು.

ಅಡ್ಡದಾರಿಯ ಕರೆ

ಬೆಲೆಯಲ್ಲಿ ವ್ಯತ್ಯಾಸವಿದ್ದೆಡೆ ಕಳ್ಳದಾರಿ ಇದ್ದೇ ಇರುತ್ತದೆ. ವಿದೇಶದಿಂದ ಬಂದ ಕರೆಯನ್ನು ಇಲ್ಲಿನ ಮೊಬೈಲಿಗೆ ಮುಟ್ಟಿಸುವ ಶುಲ್ಕ 2018ರ ಫೆಬ್ರವರಿಯಿಂದ ನಿಮಿಷಕ್ಕೆ 30 ಪೈಸೆ ಇತ್ತು. 2020ರ ಮೇ ತಿಂಗಳಿನಿಂದ ಅದನ್ನು 35ರಿಂದ 65 ಪೈಸೆಯ ಒಳಗೆ ಕಂಪನಿಗಳೇ ಗೊತ್ತುಮಾಡಿಕೊಳ್ಳಬಹುದೆಂದಾಯಿತು. ಈ ಪೈಸೆಗಳನ್ನು ಉಳಿಸಲು, ಬಾಡಿಗೆಯ ಕೋಣೆಯಲ್ಲಿ ನೂರಾರು ಸಿಮ್ಮುಗಳ ಪೆಟ್ಟಿಗೆಯಿಟ್ಟು, ಅಂತರಜಾಲದಲ್ಲಿ ಬಂದ ವಿದೇಶದ ಕರೆಯನ್ನು ಸ್ಥಳೀಯ ಕರೆಯಂತೆ ಮಾರ್ಪಡಿಸುವ ಅಕ್ರಮ ಎಕ್ಸ್‌ಚೇಂಜುಗಳು ಹುಟ್ಟಿದುವು. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿಯೇ ಅಂಥವು ಸಿಕ್ಕಿಬಿದ್ದುವು. ಮಗನು ಅಮೆರಿಕೆಯಿಂದ ಮಾತನಾಡುತ್ತಿದ್ದರೂ ಫೋನಿನ ಮೇಲೆ ಯಾವುದೋ ಅಪರಿಚಿತ ಸ್ಥಳೀಯ ನಂಬರು ಕಾಣಿಸಿದರೆ, ಕರೆ ಇಂಥ ಅಡ್ಡದಾರಿಯಿಂದ ಬಂದಿರಬಹುದು.

ಅದೇ ಉಪಾಯ ಮೋಸಗಾರರಿಗೂ ಒದಗಿತು. ವಿದೇಶದಲ್ಲಿ ಕುಳಿತು, ಭಾರತದ ನಂಬರು ಕಾಣುವಂತೆ ಮಾಡಿ, ಪೊಲೀಸರೆಂದೋ ಸುಂಕದವರೆಂದೋ ಹೆದರಿಸುವುದು ಅವರ ಕಸುಬು. ಇಂಥ ಹುಸಿ ನಂಬರಿನ ಕರೆಗಳನ್ನು ಗಡಿಯಲ್ಲಿಯೇ ತಡೆಯುವ ವ್ಯವಸ್ಥೆಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್ 22ರಂದು ಆರಂಭಿಸಿದಾಗ, ಮೊದಲ 24 ಗಂಟೆಗಳಲ್ಲಿಯೇ 1.35 ಕೋಟಿ ಕರೆಗಳು ಹುಸಿಯೆಂದು ಗೊತ್ತಾದುವು. ಮಕ್ಕಳು ವಿದೇಶದಲ್ಲಿರುವ ವೃದ್ಧರೇ ಇಂಥ ಕರೆಗಳಿಗೆ ಸುಲಭವಾಗಿ ಬೆದರುತ್ತಾರೆ. “ನಿಮ್ಮ ಮಗ ಸಿಕ್ಕಿಬಿದ್ದಿದ್ದಾನೆ” ಎಂದು ಯಾರಾದರೂ ಹೇಳಿದರೆ, ಹಣದ ಮಾತಿಗೆ ಮೊದಲು ಮಗನ ಸ್ವಂತ ನಂಬರಿಗೆ ಒಂದು ಕರೆ ಮಾಡುವುದು ಪುಕ್ಕಟೆಯ ವಿವೇಕ.

ಮಳೆ ಹಿಡಿದಾಗ

ಈಗ ಮೊದಲಿನ ವಿಚಿತ್ರಕ್ಕೆ ಉತ್ತರ ದೊರೆಯುತ್ತದೆ. ನಿಮಿಷದ ಬೆಲೆ ಹೋಯಿತು. ಅದರೊಡನೆ ಅದು ಸಾಕುತ್ತಿದ್ದ ಕಂಬವೂ ಹೋಯಿತು. ತಾಮ್ರದ ತಂತಿ ಬಿದ್ದಲ್ಲಿಯೇ ಉಳಿಯಿತು. 2020ರ ಜನವರಿ ಕೊನೆಯಲ್ಲಿ ಬಿ.ಎಸ್.ಎನ್.ಎಲ್.ನ 78,000ಕ್ಕೂ ಮಿಕ್ಕ ನೌಕರರು ಸ್ವಯಂ ನಿವೃತ್ತಿ ಪಡೆದು ಮನೆಗೆ ಹೋದರು. ಯಾವ ಮರದ ಬುಡದಲ್ಲಿ ತಂತಿಯ ಗಂಟು ಇದೆಯೆಂದು ಬಲ್ಲ ಲೈನ್‌ಮನ್ನುಗಳೂ ಅವರೊಳಗಿದ್ದರು.

ಹಳೆಯ ಟೆಲಿಫೋನಿಗೆ ಮನೆಯ ವಿದ್ಯುತ್ತು ಬೇಕಿರಲಿಲ್ಲ. ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ ತಂತಿಯಲ್ಲಿ ಅದಕ್ಕೆ ಜೀವ ಬರುತ್ತಿತ್ತು. ಈಗ ಮನೆಯ ಮೊಬೈಲಿಗೂ ವಿದ್ಯುತ್ತು ಬೇಕು, ವೈಫೈ ಪೆಟ್ಟಿಗೆಗೂ ಬೇಕು, ಗುಡ್ಡದ ಗೋಪುರಕ್ಕೂ ಬೇಕು. ಗೋಪುರದ ಜನರೇಟರಿಗೆ ಡೀಸೆಲು ಬೇಕು. ಡೀಸೆಲು ಹೊರುವ ಗಾಡಿಗೆ ರಸ್ತೆ ಬೇಕು. ಭದ್ರೆಗೆ ನೆರೆ ಬಂದು ಹೆಬ್ಬಾಳೆಯ ಸೇತುವೆ ಮುಳುಗಿದರೆ ಕಳಸಕ್ಕೂ ಹೊರನಾಡಿಗೂ ನಡುವಿನ ಹತ್ತಿರದ ದಾರಿಯೇ ಕಡಿಯುತ್ತದೆ. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೆ ಸಾಕು. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯ ಬಳಿ ಗುಡ್ಡ ಕುಸಿದು ಮನೆಗಳೇ ಹೋದ ದಿನಗಳನ್ನು ಆ ಸೀಮೆಯವರು ಮರೆತಿಲ್ಲ. ಅಂಥ ಹೊತ್ತಿನಲ್ಲಿ ದೂರದೇಶದ ಮಗನಿಗೆ ಬೇಕಾದದ್ದು ಮೊಮ್ಮಗಳ ಮುಖ ತೋರಿಸುವ ಸೌಕರ್ಯವಲ್ಲ. “ಇದ್ದೇವೆ” ಎಂಬ ಒಂದು ಮಾತು. ಆಪತ್ತಿನ 112 ನಂಬರಿಗೂ ವಾಟ್ಸಾಪಿನಿಂದ ಕರೆ ಹೋಗುವುದಿಲ್ಲವೆಂಬುದನ್ನು ಇಲ್ಲಿ ನೆನಪಿಡಬೇಕು.

2020 ಮತ್ತು 2021ರಲ್ಲಿ ಶಾಲೆಗಳು ಮುಚ್ಚಿದಾಗ ಮಲೆನಾಡಿನ ಮಕ್ಕಳು ಕೊಡೆ ಹಿಡಿದು ಗುಡ್ಡ ಹತ್ತಿ ಪಾಠ ಕೇಳಿದರು. ನೆಟ್‌ವರ್ಕ್ ಇಲ್ಲದಿದ್ದರೆ ವೋಟೂ ಇಲ್ಲವೆಂದು 2021ರಲ್ಲಿ ಮಲೆನಾಡಿನ ಕೆಲವು ಹಳ್ಳಿಗಳವರು ಪಟ್ಟು ಹಿಡಿದರು. 2022ರ ಜುಲೈನಲ್ಲಿ ಕೇಂದ್ರ ಸರ್ಕಾರ ಸಿಗ್ನಲ್ಲಿಲ್ಲದ 24,680 ಹಳ್ಳಿಗಳಿಗೆ ನಾಲ್ಕನೆಯ ತಲೆಮಾರಿನ ಸೇವೆ ಕೊಡಲು 26,316 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆಯಿತ್ತಿತು. ಇದಕ್ಕೆ ಹಣ ಬರುವುದು ಆ ಸಾರ್ವತ್ರಿಕ ಸೇವಾ ನಿಧಿಯಿಂದ. 2023ರ ದೂರಸಂಪರ್ಕ ಕಾಯಿದೆಯಿಂದ ಅದರ ಹೆಸರು ಡಿಜಿಟಲ್ ಭಾರತ ನಿಧಿ ಎಂದಾಗಿದೆ.

ಹೆಸರು ಬದಲಾದುದರಲ್ಲಿ ದೋಷವಿಲ್ಲ, ಅಳತೆ ಬದಲಾಗಬೇಕು. ಎಷ್ಟು ಗೋಪುರ ನಿಲ್ಲಿಸಿದೆವೆಂಬುದು ಉದ್ಘಾಟನೆಯ ಅಳತೆ. ವಿದ್ಯುತ್ತು ಹೋದ ಮೇಲೆ ಆ ಗೋಪುರ ಎಷ್ಟು ಗಂಟೆ ಮಾತನಾಡಿತೆಂಬುದು ಬೆಟ್ಟದ ಮನೆಯ ಅಳತೆ. ಅಂತರಜಾಲದ ಮಾತಿನಿಂದ ತಮ್ಮ ಆದಾಯ ಹೋಯಿತು, ಆ್ಯಪಿನವರೂ ಪಾಲು ಕೊಡಲಿ ಎಂದು ಟೆಲಿಫೋನು ಕಂಪನಿಗಳು ಕೇಳುತ್ತ ಬಂದಿವೆ. 2020ರ ಸೆಪ್ಟೆಂಬರಿನಲ್ಲಿ ಟ್ರಾಯ್ ಸದ್ಯಕ್ಕೆ ಹೊಸ ಕಟ್ಟಳೆ ಬೇಡವೆಂದಿತು. 2023ರಲ್ಲಿ ಮತ್ತೆ ಚರ್ಚೆಗೆತ್ತಿಕೊಂಡಿತು. ಆ್ಯಪಿನಲ್ಲಿ ಮಾತನಾಡುವವನೂ ಡೇಟಾಕ್ಕೆ ಹಣ ಕೊಡುತ್ತಾನೆ, ಆ ಹಣದ ನೂರಕ್ಕೆ 5 ಈಗಲೂ ನಿಧಿಗೆ ಹೋಗುತ್ತದೆ. ಮಾತಿಗೆ ಮತ್ತೆ ಮೀಟರು ಹಚ್ಚುವುದಕ್ಕಿಂತ, ಬಂದ ಹಣವನ್ನು ಬ್ಯಾಟರಿಗೂ ಡೀಸೆಲಿಗೂ ತಂತಿ ಕಟ್ಟುವ ಕೈಗಳಿಗೂ ಖರ್ಚು ಮಾಡುವುದು ನ್ಯಾಯ.

ಮನೆಯವರು ಮಾಡತಕ್ಕದ್ದು

ಸರ್ಕಾರ ಮಾಡುವ ತನಕ ಮನೆಯವರು ಕೈಕಟ್ಟಿ ಕೂರಬೇಕಿಲ್ಲ. ಫೈಬರ್ ತಂತಿ ಸಿಕ್ಕುವ ಊರಿನಲ್ಲಿ ಅದನ್ನು ಹಾಕಿಸಿ, ವೈಫೈ ಪೆಟ್ಟಿಗೆಗೆ ಒಂದು ಸಣ್ಣ ಬ್ಯಾಟರಿ ಜೋಡಿಸಬೇಕು; ಪೇಟೆಯಲ್ಲಿ ಅದು ದುಬಾರಿಯಲ್ಲ. ಮೊಬೈಲಿನಲ್ಲಿ ವೈಫೈ ಕಾಲಿಂಗ್ ತೆರೆದಿದೆಯೇ ಎಂದು ಮಕ್ಕಳು ರಜೆಗೆ ಬಂದಾಗಲೇ ನೋಡಿಟ್ಟು ಹೋಗಬೇಕು. ಎರಡು ಬೇರೆ ಕಂಪನಿಗಳ ಸಿಮ್ಮುಗಳಿದ್ದರೆ, ಒಂದು ಗೋಪುರ ಮಲಗಿದಾಗ ಇನ್ನೊಂದು ಎದ್ದಿರುವ ಸಂಭವ ಉಂಟು. ವಾರಗಟ್ಟಲೆ ಬ್ಯಾಟರಿ ನಿಲ್ಲುವ ಗುಂಡಿಯ ಹಳೆಯ ಮೊಬೈಲೊಂದನ್ನು ಕಪಾಟಿನಲ್ಲಿ ಜೋಪಾನವಾಗಿಡುವುದು ಮುದುಕರ ಹಠವಲ್ಲ, ಮುಂಜಾಗ್ರತೆ.

ವಿದೇಶದಲ್ಲಿರುವವರೂ ಗಮನಿಸಬೇಕಾದ ಸಂಗತಿಯೊಂದಿದೆ. 2025ರ ನವೆಂಬರ್ ಕೊನೆಯಲ್ಲಿ ದೂರಸಂಪರ್ಕ ಇಲಾಖೆ, ಸಂದೇಶದ ಆ್ಯಪುಗಳು ನೋಂದಾಯಿಸಿದ ಸಿಮ್ಮು ಫೋನಿನಲ್ಲಿ ಇದ್ದಾಗಲೇ ನಡೆಯುವಂತಿರಬೇಕೆಂದು ಕಂಪನಿಗಳಿಗೆ ಆದೇಶವಿತ್ತಿತು. ಮೋಸ ತಡೆಯುವುದು ಅದರ ಉದ್ದೇಶ. ಊರಿನ ಹಳೆಯ ನಂಬರಿನಲ್ಲಿಯೇ ವಾಟ್ಸಾಪನ್ನು ಹೊರದೇಶದಲ್ಲಿ ನಡೆಸುತ್ತಿರುವ ಮಕ್ಕಳು, ಮನೆಯೊಡನೆ ಮಾತನಾಡುವ ಇನ್ನೊಂದು ದಾರಿಯನ್ನೂ ಇಟ್ಟುಕೊಂಡಿರುವುದು ಕ್ಷೇಮ.

ಎಲ್ಲಕ್ಕಿಂತ ಅಗ್ಗದ ಉಪಾಯ ಹಳೆಯ ಕಾಲದ್ದೇ. ಆಗ ಮನೆಯಲ್ಲಿ ಟೆಲಿಫೋನಿಲ್ಲದವರು ನೆರೆಮನೆಯ ನಂಬರನ್ನು ‘ಪಿ.ಪಿ.’ ಎಂದು ಬರೆದುಕೊಡುತ್ತಿದ್ದರು. ಕರೆ ಬಂದರೆ ಆಳನ್ನು ಓಡಿಸಿ ಕರೆಸುವ ಸೌಜನ್ಯ ನೆರೆಯವರಿಗಿತ್ತು. ಮುಂದಿನ ಆಷಾಢಕ್ಕೆ ಮೊದಲು ದೂರದೇಶದ ಮಗನು ಪಕ್ಕದ ತೋಟದವರದು, ಪೇಟೆಯ ಅಂಗಡಿಯವರದು, ರೈಟರದು ಹೀಗೆ ಮೂರು ನಂಬರುಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಲಿ. ಗುಡ್ಡದಾಚೆಯ ಒಬ್ಬರಿಗಾದರೂ ಸಿಗ್ನಲ್ಲು ಸಿಕ್ಕಿದರೆ, ಅವರು ಕೊಡೆ ಹಿಡಿದು ಬಂದು ಅಂಗಳದಲ್ಲಿ ನಿಂತು, “ಅಮ್ಮಾ, ನಿಮ್ಮ ಮಗ ಕೇಳ್ತಿದ್ದಾರೆ” ಎನ್ನುವರು.